ಡಿಗ್ರಿ ತರಗತಿಗಳಲ್ಲಿ ಹುಡುಗರು ಏಕೆ ಕಡಿಮೆಯಾಗುತ್ತಿದ್ದಾರೆ?

ಪ್ರಶ್ನೆ: ವಾಣಿಜ್ಯ ಉಪನ್ಯಾಸಕಿ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನಗರದ ಪಶ್ಚಿಮ ಭಾಗದ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಹದಿನೇಳು ವರ್ಷಗಳಿಂದ ಬಿ.ಕಾಂ. ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದೇನೆ. ನಾನು ಸೇರಿದ ಹೊಸತರಲ್ಲಿ ಬಾಗಿಲ ಕಡೆಯ ಬೆಂಚುಗಳಲ್ಲಿ ಹುಡುಗಿಯರೂ ಕಿಟಕಿಯ ಕಡೆ ಹುಡುಗರೂ ಕೂರುತ್ತಿದ್ದರು, ಎರಡೂ ಕಡೆ ತುಂಬಿರುತ್ತಿತ್ತು. ಈಗ ಹುಡುಗಿಯರು ತಮ್ಮ ಕಡೆ ಜಾಗ ಸಾಲದೆ ಕಿಟಕಿಯ ಕಡೆಗೂ ಬಂದು ಕೂರುತ್ತಾರೆ. ಹುಡುಗರಿಗೆ ಕೊನೆಯ ಮೂರು ಬೆಂಚುಗಳೇ ಸಾಕಾಗುತ್ತವೆ. ಆ ಕೆಲವರಲ್ಲೂ ಇಬ್ಬರು ಮೂವರು ಹನ್ನೊಂದೂವರೆ ಆಗುತ್ತಿದ್ದಂತೆ ಫೋನ್ ನೋಡಿಕೊಳ್ಳುತ್ತಾರೆ, ಮಧ್ಯಾಹ್ನದ ಊಟದ ಆರ್ಡರ್‌ಗಳು ಬರುವ ಹೊತ್ತೆಂದು ಅನುಮತಿ ಕೇಳಿ ಎದ್ದು ಹೋಗುತ್ತಾರೆ.

ಹೆಣ್ಣುಮಕ್ಕಳು ಮುಂದೆ ಬಂದಿರುವುದು ನನಗೆ ಅಪಾರ ಸಂತೋಷದ ಸಂಗತಿ, ಅದನ್ನು ಮೊದಲೇ ಹೇಳಿಬಿಡುತ್ತೇನೆ. 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 18ರಿಂದ 23ರ ವಯೋಮಾನದ ಒಟ್ಟು ದಾಖಲಾತಿ ಅನುಪಾತ (ಆ ವಯಸ್ಸಿನವರ ಸಂಖ್ಯೆಗೆ ಹೋಲಿಸಿದರೆ ಉನ್ನತ ಶಿಕ್ಷಣಕ್ಕೆ ಸೇರಿದವರ ಪ್ರಮಾಣ) ಹೆಣ್ಣುಮಕ್ಕಳಲ್ಲಿ ಶೇ. 28.5, ಗಂಡುಮಕ್ಕಳಲ್ಲಿ ಶೇ. 28.3. ಅಂತರ ಕೂದಲೆಳೆಯಷ್ಟು. ಆದರೆ ಅಮೆರಿಕದಲ್ಲಿ 1970ರ ದಶಕದ ಕೊನೆಯ ಹೊತ್ತಿಗೆ ಹೀಗೆಯೇ ಸ್ವಲ್ಪ ಸ್ವಲ್ಪವಾಗಿ ಆರಂಭವಾದದ್ದು, ಇಂದು ಅಲ್ಲಿನ ಕಾಲೇಜುಗಳಲ್ಲಿ ಹತ್ತು ಮಂದಿಯಲ್ಲಿ ಹತ್ತಿರ ಹತ್ತಿರ ಆರು ಮಂದಿ ಹೆಣ್ಣುಮಕ್ಕಳು ಎನ್ನುವಲ್ಲಿಗೆ ಬಂದು ನಿಂತಿದೆ. ನಮ್ಮ ಹುಡುಗರು ಏಕೆ ಬರುತ್ತಿಲ್ಲ? ಕಳೆದ ವಾರವೂ ಒಬ್ಬ ಹುಡುಗ ಟಿ.ಸಿ. ಕೇಳಿಕೊಂಡು ಬಂದಿದ್ದ. ಅಂಥವನಿಗೆ ನಾನು ಪ್ರಾಮಾಣಿಕವಾಗಿ ಏನು ಹೇಳಬಹುದು?

ಉತ್ತರ 1: ಪ್ರೌಢಶಾಲಾ ಗಣಿತ ಶಿಕ್ಷಕ

ಮೇಡಂ, ನಿಮ್ಮ ಕಾಲೇಜಿನ ಬಾಗಿಲಿಗೆ ಬರುವ ಮೊದಲೇ ಹುಡುಗರು ಕಳಚಿಕೊಂಡಿರುತ್ತಾರೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉತ್ತೀರ್ಣರಾದ ಹುಡುಗಿಯರು ಶೇ. 81.11, ಹುಡುಗರು ಶೇ. 65.90. ಮರುವರ್ಷ ದ್ವಿತೀಯ ಪಿಯುಸಿಯ ಮೊದಲ ಪರೀಕ್ಷೆಯಲ್ಲಿ ಹುಡುಗಿಯರು ಶೇ. 77.88, ಹುಡುಗರು ಶೇ. 68.20. ಎರಡು ಕಡೆಯೂ ಹೀಗೆ ಸೋಸಿ ಹೋದ ಮೇಲೆ ಉಳಿದವರಷ್ಟೇ ನಿಮ್ಮ ಬೆಂಚಿಗೆ ಬರುತ್ತಾರೆ.

ಫೇಲಾದವರಿಗೆ ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶವಿದೆ, ಒಳ್ಳೆಯ ವ್ಯವಸ್ಥೆ. ಆದರೆ ಫಲಿತಾಂಶ ಬಂದ ವಾರದಲ್ಲೇ ಹುಡುಗನನ್ನು ಯಾರಾದರೂ ನೆಂಟರು ಅಂಗಡಿಗೋ ಗ್ಯಾರೇಜಿಗೋ ಸೇರಿಸಿರುತ್ತಾರೆ, ಮೊದಲ ಸಂಬಳ ಕೈಗೆ ಬಂದ ಮೇಲೆ ಅವನನ್ನು ಪರೀಕ್ಷೆಯ ಕೊಠಡಿಗೆ ಕರೆತರುವುದು ಬಹಳ ಕಷ್ಟ. ಎಂಟನೇ ತರಗತಿಯಲ್ಲಿ ಭಿನ್ನರಾಶಿ ಕೂಡಲು ಬಾರದ ಹುಡುಗ ನಾಚಿಕೆಯಿಂದ ಹಿಂದಿನ ಬೆಂಚು ಹಿಡಿಯುತ್ತಾನೆ, ಒಂಬತ್ತರಲ್ಲಿ ಗೈರುಹಾಜರಾಗಲು ಶುರುಮಾಡುತ್ತಾನೆ. ಅವನನ್ನು ಅಲ್ಲಿ ಹಿಡಿಯದೆ ಹೋದರೆ ಮುಂದೆ ಯಾರೂ ಹಿಡಿಯಲಾರರು. ಈ ವಿಷಯದಲ್ಲಿ ತಪ್ಪು ನನ್ನಂಥವರದ್ದೂ ಹೌದು.

ಉತ್ತರ 2: ಪೀಣ್ಯದ ವರ್ಕ್‌ಶಾಪ್ ಮಾಲೀಕ

ನಾನು ಐ.ಟಿ.ಐ. ಟರ್ನರ್. ಎರಡು ಲೇತ್, ಒಂದು ಸಿಎನ್‌ಸಿ ಯಂತ್ರ ಇಟ್ಟುಕೊಂಡಿರುವ ಸಣ್ಣ ಘಟಕ ನನ್ನದು. ಹುಡುಗರು ಸೋಮಾರಿಗಳು, ಮೊಬೈಲಿನಿಂದ ಕೆಟ್ಟರು ಎಂದು ಸಭೆಗಳಲ್ಲಿ ಕೇಳುತ್ತಿರುತ್ತೇನೆ. ಅದು ನನಗೆ ಒಪ್ಪಿಗೆಯಿಲ್ಲ, ಅವರು ಲೆಕ್ಕ ಹಾಕುತ್ತಿದ್ದಾರೆ.

ಡಿಗ್ರಿಯಿಲ್ಲದ ಹುಡುಗಿಗೆ ಈ ಊರಿನಲ್ಲಿ ಏನಿದೆ? ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್, ಇಲ್ಲವೆಂದರೆ ಮನೆಗೆಲಸ, ಅಂಗಡಿಯ ಸೇಲ್ಸ್. ಅದನ್ನು ದಾಟಬೇಕಾದರೆ ಅವಳಿಗೆ ಡಿಗ್ರಿಯೊಂದೇ ಮೆಟ್ಟಿಲು, ಅದಕ್ಕೇ ಅವಳು ಬಿಡದೆ ಓದುತ್ತಾಳೆ. ಹುಡುಗನಿಗಾದರೆ ಬೈಕು, ಆಟೊ, ಕ್ಯಾಬು, ಗೋಡೌನು, ವೆಲ್ಡಿಂಗ್, ಪೇಂಟಿಂಗ್ ಎಂದು ಹತ್ತು ಬಾಗಿಲುಗಳು ತೆರೆದಿವೆ, ಯಾವುದರಲ್ಲೂ ಮಾರ್ಕ್ಸ್ ಕಾರ್ಡು ಕೇಳುವುದಿಲ್ಲ. ಮೂರು ವರ್ಷ ಕಾಲೇಜಿಗೆ ಹೋಗುವುದೆಂದರೆ ಅವನ ಪಾಲಿಗೆ ಮೂರು ವರ್ಷದ ಸಂಪಾದನೆ ಬಿಡುವುದು. ಹುಡುಗಿ ಬಿಟ್ಟುಕೊಡುವ ಮೊತ್ತ ಅಷ್ಟಿರುವುದಿಲ್ಲ.

ಬಿಟ್ಟುಕೊಟ್ಟ ಮೇಲೆ ಸಿಗುವುದಾದರೂ ಏನೆಂದು ಅವರು ಕಣ್ಣಾರೆ ನೋಡುತ್ತಿದ್ದಾರೆ. ಹೋದ ವರ್ಷ ಬಿ.ಕಾಂ. ಮುಗಿಸಿದ ಹುಡುಗನೊಬ್ಬ ಹೆಲ್ಪರ್ ಕೆಲಸ ಕೇಳಿಕೊಂಡು ಬಂದ. ಪಿಯುಸಿ ಫೇಲಾದ ಅವನ ಗೆಳೆಯ ಮೂರು ವರ್ಷಗಳಿಂದ ನನ್ನಲ್ಲೇ ಇದ್ದಾನೆ, ಮೈಕ್ರೋಮೀಟರ್ ಹಿಡಿದು ನೂರನೇ ಒಂದು ಮಿಲಿಮೀಟರಿನ ವ್ಯತ್ಯಾಸ ಹೇಳುತ್ತಾನೆ, ಸಂಬಳವೂ ಹೆಚ್ಚು. ಇಬ್ಬರೂ ಒಂದೇ ಬೀದಿಯವರು. ಆ ಬೀದಿಯ ಚಿಕ್ಕ ಹುಡುಗರು ಇವರಿಬ್ಬರನ್ನೂ ನೋಡುತ್ತಲೇ ಬೆಳೆಯುತ್ತಾರಲ್ಲವೇ? ನಮ್ಮೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2023ರಲ್ಲಿ ಹೊರತಂದ ಉದ್ಯೋಗ ಸ್ಥಿತಿಯ ವರದಿಯಲ್ಲಿ, 25 ವರ್ಷದೊಳಗಿನ ಪದವೀಧರರಲ್ಲಿ ನಿರುದ್ಯೋಗ ಶೇ. 42ರಷ್ಟಿದೆ ಎಂದಿತ್ತು.

ಆದರೂ ನನಗೆ ಸಂಕಟವಾಗುವುದು ಬೇರೆ ಕಾರಣಕ್ಕೆ. ಕಾಲೇಜು ಬಿಟ್ಟ ಹುಡುಗ ಐ.ಟಿ.ಐ.ಗೂ ಹೋಗುವುದಿಲ್ಲ. ಹೋದರೆ ಅಪ್ರೆಂಟಿಸ್ ಆಗಬಹುದು, ಲ್ಯಾಟರಲ್ ಎಂಟ್ರಿಯಲ್ಲಿ ನೇರವಾಗಿ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದು, ಅಲ್ಲಿಂದ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗ್ ಎರಡನೇ ವರ್ಷಕ್ಕೂ ಹೋಗಬಹುದು. ಈ ದಾರಿಯನ್ನು ಹೈಸ್ಕೂಲಿನಲ್ಲಿ ಯಾರೂ ಹೇಳಿಕೊಡುವುದಿಲ್ಲ. ಕೈಕೆಲಸ ಕಲಿಯದೆ, ಓದನ್ನೂ ಕಲಿಯದೆ ಬರೀ ಬೈಕು ಓಡಿಸುವವನ ಬಗ್ಗೆಯೇ ನನ್ನ ಚಿಂತೆ.

ಉತ್ತರ 3: ಲೆಕ್ಕಪತ್ರ ಸಹಾಯಕಿ, ಲಗ್ಗೆರೆ

ನೀವು ಹೇಳುವ ಬಾಗಿಲ ಕಡೆಯ ಬೆಂಚಿನಲ್ಲಿ ಕೂತು ಓದಿದವಳು ನಾನು, ಮೇಡಂ. ಮೇಲಿನ ಸರ್ ಹೇಳಿದ ಲೆಕ್ಕ ನಿಜ. ಆದರೆ ಆ ಲೆಕ್ಕವನ್ನು ಹುಡುಗ ಒಬ್ಬನೇ ಹಾಕುವುದಿಲ್ಲ, ಮನೆಯವರೆಲ್ಲ ಸೇರಿ ಹಾಕುತ್ತಾರೆ.

ನಾನು ಎರಡನೇ ವರ್ಷದ ಬಿ.ಕಾಂ.ನಲ್ಲಿದ್ದಾಗ ಅಪ್ಪ ಕಟ್ಟಡದ ಕೆಲಸದಲ್ಲಿ ಬಿದ್ದು ಆರು ತಿಂಗಳು ಹಾಸಿಗೆ ಹಿಡಿದರು. ಸಂಘದ ಸಾಲದ ಕಂತು ವಾರವಾರವೂ ಕಟ್ಟಬೇಕಿತ್ತು. ತಮ್ಮ ಆಗ ಪಿಯುಸಿ ಮುಗಿಸಿದ್ದ, ಶೇ. 71 ಬಂದಿತ್ತು, ಕಾಲೇಜಿನ ಅರ್ಜಿಯನ್ನು ತುಂಬಿ ಟಿ.ವಿ.ಯ ಮೇಲೆ ಇಟ್ಟಿದ್ದ. ನನ್ನನ್ನು ಓದು ಬಿಡು ಎಂದು ಯಾರೂ ಕೇಳಲಿಲ್ಲ. ಡಿಗ್ರಿ ಆಗಿದ್ದರೆ ಒಳ್ಳೆಯ ಸಂಬಂಧ ಬರುತ್ತದೆ ಎಂದು ಅಮ್ಮ ಹೇಳುತ್ತಿದ್ದರು, ಬೇರೆ ಕೆಲಸಕ್ಕೆ ನನ್ನನ್ನು ಕಳಿಸಲು ಅಪ್ಪನಿಗೆ ಧೈರ್ಯವೂ ಇರಲಿಲ್ಲ. ತಮ್ಮನನ್ನೂ ಯಾರೂ ಬಿಡು ಎಂದು ಬಾಯಿಬಿಟ್ಟು ಹೇಳಲಿಲ್ಲ. ಅರ್ಜಿಯ ಕೊನೆಯ ದಿನ ಸುಮ್ಮನೆ ದಾಟಿಹೋಯಿತು, ಮರುದಿನ ಅವನು ಗೆಳೆಯನ ಬೈಕು ಕೇಳಿಕೊಂಡು ಬಂದ. ನನ್ನ ಕೊನೆಯ ಎರಡು ಸೆಮಿಸ್ಟರುಗಳ ಪರೀಕ್ಷಾ ಶುಲ್ಕ ಕಟ್ಟಿದ್ದು ಅವನ ದುಡಿಮೆಯಿಂದ.

ಇಂದಿಗೂ ನೆಂಟರ ಮುಂದೆ ನಮ್ಮ ಮನೆಯಲ್ಲಿ "ಅವನಿಗೆ ಓದು ಹತ್ತಲಿಲ್ಲ" ಎನ್ನುತ್ತಾರೆ. ಅವನು ತಲೆ ತಗ್ಗಿಸಿಕೊಂಡು ಊಟ ಮಾಡುತ್ತಾನೆ. ದಯವಿಟ್ಟು ಟಿ.ಸಿ. ಕೇಳಲು ಬಂದ ಹುಡುಗನಿಗೆ ಬುದ್ಧಿ ಹೇಳುವ ಮೊದಲು, ಮನೆಯಲ್ಲಿ ಏನಾಗಿದೆ ಎಂದು ಕೇಳಿ.

ಉತ್ತರ 4: ಸಂಜೆ ಕಾಲೇಜಿನ ವಿದ್ಯಾರ್ಥಿ

ನಾನು ನಾಲ್ಕು ವರ್ಷ ಡೆಲಿವರಿ ಮಾಡಿದವನು. ಮೊದಲ ಆರು ತಿಂಗಳು ಕೈಯಲ್ಲಿ ಕಾಸು ಓಡಾಡುತ್ತಿತ್ತು, ಕಾಲೇಜಿಗೆ ಹೋಗುವ ಗೆಳೆಯರಿಗೆ ನಾನೇ ಕಾಫಿ ಕೊಡಿಸುತ್ತಿದ್ದೆ. ಆಮೇಲೆ ಇನ್ಸೆಂಟಿವ್ ಸಿಗಲು ಬೇಕಾದ ಆರ್ಡರ್‌ಗಳು ಹೆಚ್ಚಿದವು, ಕಿಲೋಮೀಟರಿನ ದರ ಇಳಿಯಿತು, ಚೈನ್ ಸ್ಪ್ರಾಕೆಟ್, ಟೈರು, ಪೆಟ್ರೋಲು ಎಲ್ಲವೂ ನನ್ನ ಜೇಬಿನಿಂದಲೇ ಹೋಗುತ್ತಿತ್ತು. ನಾಲ್ಕನೇ ವರ್ಷದ ಕೊನೆಯಲ್ಲಿ ಕೈಗೆ ಉಳಿಯುತ್ತಿದ್ದದ್ದು ಮೊದಲ ವರ್ಷಕ್ಕಿಂತ ಕಡಿಮೆ. ಕೆಲಸ ಹಳೆಯದಾದರೆ ಅನುಭವ ಎಂದು ಬೇರೆಡೆ ಲೆಕ್ಕಕ್ಕಾದರೂ ಬರುತ್ತದೆ, ಇಲ್ಲಿ ನಿನ್ನೆ ಸೇರಿದವನಿಗೂ ನನಗೂ ಒಂದೇ ದರ. ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ 2025ರಲ್ಲಿ ನಮ್ಮ ರಾಜ್ಯ ಕಾಯ್ದೆ ಮಾಡಿದೆ, ಅದು ಅಗತ್ಯವಾಗಿತ್ತು. ಆದರೆ ಕಾಯ್ದೆಯಿಂದ ಬಡ್ತಿ ಸಿಗುವುದಿಲ್ಲ.

ವರ್ಕ್‌ಶಾಪ್ ಸರ್ ಉಲ್ಲೇಖಿಸಿದ ವರದಿಯಲ್ಲಿ ಇನ್ನೊಂದು ಅಂಶವೂ ಇದೆ: 35 ದಾಟಿದ ಪದವೀಧರರಲ್ಲಿ ನಿರುದ್ಯೋಗ ಶೇ. 5ಕ್ಕಿಂತ ಕಡಿಮೆ. ಇದರ ಅರ್ಥ ಎಲ್ಲರಿಗೂ ಒಳ್ಳೆಯ ಕೆಲಸವೇ ಸಿಕ್ಕಿತು ಎಂದಲ್ಲ, ಎಷ್ಟೋ ಜನ ಸಿಕ್ಕಿದ್ದಕ್ಕೆ ಒಗ್ಗಿಕೊಂಡಿರುತ್ತಾರೆ. ಆದರೂ ಇಪ್ಪತ್ತೆರಡರಲ್ಲಿ ಡಿಗ್ರಿ ಎಷ್ಟು ತರುತ್ತದೆ ಎಂದಷ್ಟೇ ನೋಡಿದ ನಾನು, ಮೂವತ್ತೈದರಲ್ಲಿ ಬೈಕು ಎಷ್ಟು ತರುತ್ತದೆ ಎಂದು ನೋಡಿರಲಿಲ್ಲ.

ಮೇಡಂ, ನನಗೆ "ಡಿಗ್ರಿ ಮಾಡು, ಕೆಲಸ ಸಿಗುತ್ತದೆ" ಎಂದವರು ಬಹಳ ಮಂದಿ. ನಾನು ಅದನ್ನು ನಂಬಲಿಲ್ಲ. ಕೆಲಸ ಬಿಡದೆ ಓದಬಹುದು ಎಂದು ಹೇಳಿದವರು ಒಬ್ಬರೇ, ನಾನು ದಿನವೂ ಪಾರ್ಸೆಲ್ ಕೊಡುತ್ತಿದ್ದ ಕಚೇರಿಯ ಸೆಕ್ಯೂರಿಟಿ ಅಣ್ಣ. ಅವರೂ ಸಂಜೆ ಕಾಲೇಜಿನಲ್ಲಿ ಓದಿದವರು. ಸಂಜೆ ಕಾಲೇಜುಗಳಿವೆ, ಮೈಸೂರಿನ ಮುಕ್ತ ವಿಶ್ವವಿದ್ಯಾಲಯವೂ ಇದೆ. ನಿಮ್ಮಲ್ಲಿ ಬೆಳಗಿನ ತರಗತಿಗಳನ್ನು ಏಳೂವರೆಗೆ ಶುರುಮಾಡಿ ಹನ್ನೊಂದೂವರೆಗೆ ಮುಗಿಸಲು ಸಾಧ್ಯವಾದರೆ, ಎದ್ದು ಹೋಗುವ ಆ ಮೂವರಿಗೆ ಹಾಜರಾತಿ ಸಿಗುತ್ತದೆ. ನಾನು ಹಿಂದೆ ಕಾಲೇಜು ಬಿಟ್ಟದ್ದು ಹಾಜರಾತಿ ಶೇ. 75 ತುಂಬಲಿಲ್ಲವೆಂದು ಪರೀಕ್ಷೆಗೆ ಕೂರಿಸದೆ ಇದ್ದಾಗ.

ಪ್ರಶ್ನೆ ಕೇಳಿದವರ ಮರುನುಡಿ

ನಿಮ್ಮೆಲ್ಲರ ಉತ್ತರಗಳನ್ನು ಎರಡೆರಡು ಸಲ ಓದಿದೆ. ಆ ತಂಗಿ ಬರೆದ ಟಿ.ವಿ.ಯ ಮೇಲಿನ ಅರ್ಜಿ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಕಳೆದ ವಾರದ ಹುಡುಗನಿಗೆ ನಾನು ಅರ್ಧ ಗಂಟೆ ಪದವಿಯ ಮಹತ್ವ ಹೇಳಿದ್ದೆ. ಮನೆಯ ಬಗ್ಗೆ ಒಂದು ಮಾತನ್ನೂ ಕೇಳಿರಲಿಲ್ಲ. ಅವನ ಟಿ.ಸಿ. ಅರ್ಜಿ ಇನ್ನೂ ಸಹಿಯಾಗದೆ ಕಚೇರಿಯಲ್ಲಿದೆ. ಇವತ್ತು ಮಧ್ಯಾಹ್ನ ಅವನ ತಾಯಿಯವರ ನಂಬರು ಪಡೆದು ಮಾತನಾಡಿದೆ, ಭಾನುವಾರ ಮನೆಗೆ ಬರುವುದಾಗಿ ತಿಳಿಸಿದ್ದೇನೆ. ಏಳೂವರೆಯ ತರಗತಿಯ ಬಗ್ಗೆ ಪ್ರಾಂಶುಪಾಲರಿಗೆ ಪತ್ರ ಬರೆಯುತ್ತಿದ್ದೇನೆ. ದೂರದಿಂದ ಬರುವ ಹುಡುಗಿಯರಿಗೆ ಅಷ್ಟು ಬೇಗ ಬಸ್ಸು ಸಿಗುತ್ತದೆಯೇ ಎಂದು ಅವರನ್ನೇ ಕೇಳಿದ ಮೇಲೆ ಅದನ್ನು ಕೊಡುತ್ತೇನೆ.