ಪದಚರ್ಚೆ: ‘ಪ್ರೊಪಗೇಶನ್’ಗೆ ‘ಪ್ರಸರಣ’ ಸಾಕೇ? ಡಿಎನ್‌ಎಸ್ ಕೈಪಿಡಿಗೆ ಬೇಕಾದ ಕೆಲವು ಪದಗಳು

ಬಳಗದವರಿಗೆಲ್ಲ ನಮಸ್ಕಾರ.

ಶಿರಸಿ ಸುತ್ತಿನ ಸೇವಾ ಸಹಕಾರಿ ಸಂಘಗಳ ಸಿಬ್ಬಂದಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಸಂಘದ ಸ್ವಂತ ಡೊಮೇನ್ ಹೆಸರಿನಲ್ಲಿ ಇಮೇಲ್ ಇಟ್ಟುಕೊಳ್ಳುವುದು ಹೇಗೆ, ಅದು ಕೈಕೊಟ್ಟರೆ ಡಿಎನ್‌ಎಸ್‌ನಲ್ಲಿ (ಡೊಮೇನ್ ಹೆಸರಿಗೆ ಸೇರಿದ ವಿವರಗಳು ಸಿಗುವ ಇಂಟರ್ನೆಟ್‌ನ ವ್ಯವಸ್ಥೆಯಲ್ಲಿ) ಎಲ್ಲಿ ನೋಡಬೇಕು ಅನ್ನುವುದು ವಿಷಯ. ಮೊದಲೆಲ್ಲ ಇದನ್ನು ವೆಬ್‌ಸೈಟ್ ಮಾಡಿಕೊಟ್ಟ ಹುಡುಗರಿಗೆ ಬಿಟ್ಟರೆ ನಡೆಯುತ್ತಿತ್ತು. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ನಿಯಮ ಬಿಗಿ ಮಾಡಿವೆ. ಪತ್ರ ನಿಜವಾಗಿ ಆ ಡೊಮೇನಿನವರದ್ದೇ ಎಂದು ತಾಳೆ ನೋಡಲು ಕಳಿಸುವವರ ಡೊಮೇನ್‌ಗೆ ಎಸ್‌ಪಿಎಫ್ ಅಥವಾ ಡಿಕಿಮ್ ಇರಬೇಕು. ಜಿಮೇಲ್‌ನವರಿಗೆ ದಿನಕ್ಕೆ 5,000 ಪತ್ರ ಕಳಿಸುವಷ್ಟು ದೊಡ್ಡವರಾದರೆ ಎರಡೂ ಬೇಕು, ಜೊತೆಗೆ ಈ ತಪಾಸಣೆಯಲ್ಲಿ ಸೋತ ಪತ್ರವನ್ನು ಏನು ಮಾಡಬೇಕೆಂದು ಹೇಳುವ ಡಿಮಾರ್ಕ್ ಕೂಡ. ವಾರ್ಷಿಕ ಮಹಾಸಭೆಯ ನೋಟಿಸು ಬೆಂಗಳೂರಿನಲ್ಲಿರುವ ಸದಸ್ಯರ ಸ್ಪ್ಯಾಮ್‌ಗೆ ಹೋಗಿ ಬೀಳತೊಡಗಿದ ಮೇಲೆ ಸಂಘದವರೇ ‘ಇದೇನು, ನಮಗೂ ಸ್ವಲ್ಪ ಹೇಳಿಕೊಡಿ’ ಎನ್ನುತ್ತಿದ್ದಾರೆ.

ಎಂಎಕ್ಸ್, ಟಿಎಕ್ಸ್‌ಟಿ, ಸಿನೇಮ್ ಇಂಥ ಡಿಎನ್‌ಎಸ್ ಸಾಲುಗಳ ಬಗೆಯ ಹೆಸರುಗಳಿಗೆ ಕನ್ನಡ ಹುಡುಕುವ ಉಮೇದು ನನಗಿಲ್ಲ. ಪರದೆಯ ಮೇಲೆ ಆ ಅಕ್ಷರಗಳೇ ಕಾಣುತ್ತವೆ, ಅವನ್ನೇ ಆರಿಸಬೇಕು. ಅಲ್ಲಿ ಕನ್ನಡ ಮಾಡಿದರೆ ಓದುವವರು ಎರಡು ಸಲ ಹುಡುಕಬೇಕಾಗುತ್ತದೆ. ನನಗೆ ಬೇಕಿರುವುದು ಏನಾಗುತ್ತಿದೆ, ಎಲ್ಲಿ ಕೆಟ್ಟಿದೆ ಎಂದು ಹೇಳುವ ಪದಗಳು. ಈಗ ಚಾಲ್ತಿಯಲ್ಲಿರುವ ಅನುವಾದಗಳು ಅಲ್ಲೇ ದಾರಿ ತಪ್ಪಿಸುತ್ತವೆ.

ಮೊದಲನೆಯದು ‘ರೆಕಾರ್ಡ್’, ಅಂದರೆ ಡಿಎನ್‌ಎಸ್‌ನಲ್ಲಿ ಬರೆಯುವ ಒಂದೊಂದು ಸಾಲು. ಇದಕ್ಕೆ ಎಲ್ಲ ಕಡೆ ‘ದಾಖಲೆ’ ಎಂದೇ ಇದೆ. ‘ನಿಮ್ಮ ಡೊಮೇನಿನ ದಾಖಲೆ ಸರಿಯಿಲ್ಲ’ ಎಂದು ಫೋನಿನಲ್ಲಿ ಹೇಳಿದರೆ ಸಂಘದ ಸೆಕ್ರೆಟರಿ ನೋಂದಣಿ ಪತ್ರ, ಪ್ಯಾನ್ ಕಾರ್ಡ್ ಹುಡುಕಲು ಹೋಗುತ್ತಾರೆ. ಅವರದ್ದೇನೂ ತಪ್ಪಿಲ್ಲ, ನಮ್ಮಲ್ಲಿ ದಾಖಲೆ ಅಂದರೆ ಕಾಗದಪತ್ರ. ಅದಕ್ಕೇ ನಾನು ‘ನಮೂದು’ ಎಂದು ಬರೆದಿದ್ದೇನೆ. ಎಂಎಕ್ಸ್ ನಮೂದು, ಟಿಎಕ್ಸ್‌ಟಿ ನಮೂದು. ಒಂದು ಸಾಲು ಬರೆಯುವುದು, ತಿದ್ದುವುದು, ತೆಗೆಯುವುದು ಎಲ್ಲದಕ್ಕೂ ಹೊಂದುತ್ತದೆ. ಇದಕ್ಕೆ ಯಾರದ್ದೂ ತಕರಾರು ಇರಲಿಕ್ಕಿಲ್ಲ ಅಂದುಕೊಂಡಿದ್ದೇನೆ.

ಎರಡನೆಯದರ ಬಗ್ಗೆ ನಿಮ್ಮ ಅಭಿಪ್ರಾಯ ನಿಜವಾಗಿಯೂ ಬೇಕು. ಇಮೇಲ್ ಹೊಂದಿಸುವಾಗ ಜನ ಅತಿ ಹೆಚ್ಚು ಗೊಂದಲ ಮಾಡಿಕೊಳ್ಳುವುದು ಎಂಎಕ್ಸ್ ಮತ್ತು ಎಸ್‌ಪಿಎಫ್ ನಡುವೆ. ಎಂಎಕ್ಸ್ ಇರುವುದು ನಮಗೆ ಬರುವ ಪತ್ರಕ್ಕೆ. ಈ ಡೊಮೇನಿನ ಪತ್ರವನ್ನು ಯಾವ ಸರ್ವರಿಗೆ ತಲುಪಿಸಬೇಕು ಎಂದು ಹೊರಗಿನವರಿಗೆ ಅದು ಹೇಳುತ್ತದೆ. ಎಸ್‌ಪಿಎಫ್ ಇರುವುದು ನಮ್ಮಿಂದ ಹೋಗುವ ಪತ್ರಕ್ಕೆ. ಈ ಡೊಮೇನಿನ ಹೆಸರಿನಲ್ಲಿ ಕಳಿಸುವ ಅಧಿಕಾರ ಯಾವ ಸರ್ವರುಗಳಿಗಿದೆ ಎಂಬ ಪಟ್ಟಿ ಅದು. ಪತ್ರ ಸ್ಪ್ಯಾಮ್‌ಗೆ ಹೋಗುತ್ತಿದೆ ಎಂದು ಎಂಎಕ್ಸ್ ತಿದ್ದುತ್ತ ಕೂತವರನ್ನು ನೋಡಿದ್ದೇನೆ. ಸ್ಪ್ಯಾಮ್ ನಿಲ್ಲಲಿಲ್ಲ, ಚೆನ್ನಾಗಿ ಬರುತ್ತಿದ್ದ ಪತ್ರವೂ ನಿಂತಿತು.

‘ಒಳಬರುವ’, ‘ಹೊರಹೋಗುವ’ ಎಂದು ಬರೆದು ನೋಡಿದೆ. ಅರ್ಥವಾಗುತ್ತದೆ, ಆದರೆ ತಲೆಯಲ್ಲಿ ನಿಲ್ಲುವುದಿಲ್ಲ. ಆಮೇಲೆ ಸಂಘದ ಮೇಜಿನ ಮೇಲೇ ಇದ್ದ ರಿಜಿಸ್ಟರು ಕಣ್ಣಿಗೆ ಬಿತ್ತು: ಆವಕ, ಜಾವಕ. ಉತ್ತರ ಕನ್ನಡ 1862ರಿಂದ ಮುಂಬಯಿ ಪ್ರಾಂತದಲ್ಲಿತ್ತಲ್ಲ, 1956ರಲ್ಲಿ ಈ ಕಡೆ ಸೇರಿದರೂ ಕಚೇರಿಯ ಮರಾಠಿ ಪದಗಳು ಇನ್ನೂ ಉಳಿದಿವೆ. ಅಡಿಕೆ ಮಾರುಕಟ್ಟೆಯಿಂದಾಗಿ ‘ಆವಕ’ ಇಲ್ಲಿ ರೈತರಿಗೂ ಗೊತ್ತು. ಹಾಗಾಗಿ ಕೈಪಿಡಿಯ ಎರಡು ಭಾಗಗಳಿಗೆ ‘ಆವಕದ ನಮೂದು’, ‘ಜಾವಕದ ನಮೂದು’ ಎಂದೇ ಹೆಸರಿಟ್ಟೆ. ಪತ್ರ ಬರುತ್ತಿಲ್ಲವೇ, ಆವಕ ನೋಡಿ, ಅಂದರೆ ಎಂಎಕ್ಸ್. ಹೋದ ಪತ್ರ ಸ್ಪ್ಯಾಮ್‌ಗೆ ಬೀಳುತ್ತಿದೆಯೇ, ಜಾವಕ ನೋಡಿ, ಅಂದರೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್. ಶಿರಸಿಯಲ್ಲಿ ಇದು ಸಲೀಸಾಗಿ ನಡೆಯಿತು. ನನ್ನ ಸಂಶಯ ಮೈಸೂರು, ಮಂಗಳೂರು ಕಡೆಯವರ ಬಗ್ಗೆ. ಅಲ್ಲಿಯ ಕಚೇರಿಗಳಲ್ಲಿ ‘ಜಾವಕ’ ಎಂದರೆ ತಿಳಿಯುತ್ತದೆಯೇ? ‘ರವಾನೆ’ ಎಂದರೆ ಮೇಲೋ?

ಎಂಎಕ್ಸ್‌ನಲ್ಲಿ ಇನ್ನೊಂದು ತೊಡಕಿದೆ. ಪ್ರತಿ ಎಂಎಕ್ಸ್ ನಮೂದಿಗೂ ಒಂದು ಅಂಕಿ ಕೊಡಬೇಕು. ಬಹಳಷ್ಟು ಪರದೆಗಳಲ್ಲಿ ಅದರ ಹೆಸರು ‘ಪ್ರಯಾರಿಟಿ’. ಕನ್ನಡದಲ್ಲಿ ‘ಆದ್ಯತೆ’ ಎಂದು ಬರೆದ ಕೂಡಲೇ ಜನ ಮುಖ್ಯ ಸರ್ವರಿಗೆ ದೊಡ್ಡ ಅಂಕಿ ಕೊಡುತ್ತಾರೆ, ಹೆಚ್ಚು ಆದ್ಯತೆ ಅಂದರೆ ಹೆಚ್ಚಿನ ಅಂಕಿ ಅಲ್ವಾ? ವಿಷಯ ಉಲ್ಟಾ ಇದೆ. 10 ಇದ್ದದ್ದಕ್ಕೆ ಮೊದಲು ಪತ್ರ ಹೋಗುತ್ತದೆ, ಅದು ಸಿಗದಿದ್ದರೆ 20ಕ್ಕೆ. ‘ಪಾಳಿ’ ಎಂದು ಬರೆದರೆ ಈ ಗೊಂದಲವೇ ಹುಟ್ಟುವುದಿಲ್ಲ. ಪಾಳಿ 10, ಪಾಳಿ 20: ಸಣ್ಣ ಅಂಕಿಯವರು ಮೊದಲು. ಹಳೆಯ ಹೋಸ್ಟಿಂಗ್‌ನವರ ಎಂಎಕ್ಸ್ ಅಳಿಸದೆ ಹೊಸದನ್ನೂ ಅದೇ ಅಂಕಿಯಲ್ಲಿ ಹಾಕಿದರೆ ಏನಾಗುತ್ತದೆ ಎಂಬುದೂ ಇದರಿಂದ ತಾನಾಗಿ ತಿಳಿಯುತ್ತದೆ. ಇಬ್ಬರದ್ದೂ ಒಂದೇ ಪಾಳಿ, ಕೆಲವು ಪತ್ರ ಅಲ್ಲಿಗೆ, ಕೆಲವು ಇಲ್ಲಿಗೆ.

ಎಸ್‌ಪಿಎಫ್‌ನಲ್ಲಿ ಕಾಟ ಕೊಡುವುದು ‘ಆ್ಯಡ್’ ಎಂಬ ಪುಟ್ಟ ಪದ. ಇಮೇಲ್ ಸೇವೆಯವರು ‘ಈ ಎಸ್‌ಪಿಎಫ್ ಸೇರಿಸಿ’ ಎನ್ನುತ್ತಾರೆ. ಜನ ಹೊಸ ಸಾಲು ಸೇರಿಸುತ್ತಾರೆ. ಈಗ ಎರಡು ಎಸ್‌ಪಿಎಫ್ ಸಾಲು ಆಯಿತು, ನಿಯಮದ ಪ್ರಕಾರ ಎರಡಿದ್ದರೆ ಎರಡೂ ಲೆಕ್ಕಕ್ಕಿಲ್ಲ, ತಪಾಸಣೆಯೇ ದೋಷ ಎಂದು ನಿಲ್ಲುತ್ತದೆ. ಎಂಎಕ್ಸ್ ಎಷ್ಟಾದರೂ ಇರಬಹುದು, ಎಸ್‌ಪಿಎಫ್ ಒಂದೇ ಇರಬೇಕು. ಹಾಗಾಗಿ ಎಂಎಕ್ಸ್‌ಗೆ ‘ಹೊಸದಾಗಿ ಹಾಕಿ’ ಎಂದೂ ಎಸ್‌ಪಿಎಫ್‌ಗೆ ‘ಇದ್ದ ಸಾಲಿನ ಒಳಗೇ ಕೂಡಿಸಿ’ ಎಂದೂ ಬೇರೆ ಬೇರೆ ಬರೆದೆ. ಕೂಡಿಸುವುದಕ್ಕೂ ಮಿತಿ ಇದೆ. ಆ ಸಾಲನ್ನು ಪರೀಕ್ಷಿಸಲು 10ಕ್ಕಿಂತ ಜಾಸ್ತಿ ಡಿಎನ್‌ಎಸ್ ವಿಚಾರಣೆ ಬೇಕಾದರೆ ಅದೂ ದೋಷವೇ.

ಡಿಕಿಮ್ ವಿಷಯದಲ್ಲಿ ‘ಸಹಿ’ ಎಂಬ ಪದ ನನಗೆ ಬೇಡವಾಗಿದೆ. ಇಮೇಲ್‌ನಲ್ಲಿ ಸಹಿ ಎಂದರೆ ಪತ್ರದ ಕೆಳಗೆ ಬರುವ ಹೆಸರು, ಹುದ್ದೆ, ಫೋನ್ ನಂಬರು. ‘ನಿಮ್ಮ ಪತ್ರಕ್ಕೆ ಸಹಿ ಇಲ್ಲ’ ಎಂದರೆ ‘ಇದೆಯಲ್ಲ, ಫೋಟೋ ಕೂಡ ಹಾಕಿದ್ದೇವೆ’ ಎನ್ನುತ್ತಾರೆ. ಡಿಕಿಮ್‌ನಲ್ಲಿ ಕಳಿಸುವ ಸರ್ವರು ತನ್ನ ಬಳಿಯ ಗುಟ್ಟಿನ ಕೀಲಿಯಿಂದ ಪ್ರತಿ ಪತ್ರಕ್ಕೂ ಒಂದು ಗುರುತು ಒತ್ತುತ್ತದೆ. ಅದನ್ನು ತಾಳೆ ನೋಡುವ ಬಹಿರಂಗ ಕೀಲಿ ಡಿಎನ್‌ಎಸ್‌ನಲ್ಲಿ ಟಿಎಕ್ಸ್‌ಟಿ ನಮೂದಾಗಿ ಇರುತ್ತದೆ. ಇದಕ್ಕೆ ‘ಶಿಕ್ಕಾ’ ಎಂಬುದು ನಮ್ಮ ಕಡೆ ತಟ್ಟನೆ ಹೊಳೆಯುವ ಪದ. ಸಂಘದ ಯಾವ ಪತ್ರವೂ ಸಹಿ ಮಾತ್ರ ಇದ್ದರೆ ಸಾಲದು, ಶಿಕ್ಕಾ ಬೇಕೇ ಬೇಕು. ‘ಮೊಹರು’ ಎಂದರೆ ಎಲ್ಲ ಕಡೆ ತಿಳಿಯುತ್ತದೆ, ಶಿಕ್ಕಾಕ್ಕೆ ಇಲ್ಲಿ ಬಳಕೆ ಜಾಸ್ತಿ. ಕೀಲಿ 2048 ಬಿಟ್‌ನದಾದರೆ ಒಂದು ಪಠ್ಯತುಂಡಿನ 255 ಅಕ್ಷರಗಳ ಮಿತಿ ಮೀರುತ್ತದೆ. ಆಗ ಅದನ್ನು ಒಂದೇ ನಮೂದಿನ ಒಳಗೆ ತುಂಡು ತುಂಡಾಗಿ ಇಡಬೇಕು. ಕೆಲವು ಪರದೆಗಳು ತಾವೇ ತುಂಡು ಮಾಡುತ್ತವೆ, ಕೆಲವು ಸುಮ್ನೆ ಬಾಲ ಕತ್ತರಿಸಿಬಿಡುತ್ತವೆ.

ಈಗ ತಲೆಬರಹದ ಪದಕ್ಕೆ ಬರುತ್ತೇನೆ. ನಮೂದು ಬದಲಿಸಿದ ಮೇಲೆ ‘ಪ್ರೊಪಗೇಶನ್ ಆಗಲು 48 ಗಂಟೆ ಬೇಕು’ ಎಂದು ಎಲ್ಲರೂ ಹೇಳುತ್ತಾರೆ. ಕನ್ನಡದಲ್ಲಿ ಇದು ‘ಪ್ರಸರಣ’, ‘ಹರಡುವಿಕೆ’ ಆಗಿದೆ. ಕೇಳಿದವರಿಗೆ ನಮ್ಮ ಬದಲಾವಣೆ ಇಲ್ಲಿಂದ ಹೊರಟು ಊರೂರಿಗೆ ತಲುಪುತ್ತಿದೆ ಎಂಬ ಚಿತ್ರ ಬರುತ್ತದೆ. ವಾಸ್ತವದಲ್ಲಿ ಯಾರೂ ಏನನ್ನೂ ಹೊರಗೆ ಹಂಚುವುದಿಲ್ಲ. ನಮ್ಮ ನೇಮ್‌ಸರ್ವರ್‌ನಲ್ಲಿ (ಡೊಮೇನಿನ ನಮೂದುಗಳನ್ನು ಇಟ್ಟುಕೊಂಡು ಕೇಳಿದವರಿಗೆ ಉತ್ತರ ಕೊಡುವ ಸರ್ವರಿನಲ್ಲಿ) ಹೊಸ ನಮೂದು ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲೇ ಸಿದ್ಧವಿರುತ್ತದೆ. ತಡವಾಗುವುದು ಬೇರೆಯವರು ಹಿಂದೆ ಕೇಳಿ ನೆನಪಿಟ್ಟುಕೊಂಡ ಹಳೆಯ ಉತ್ತರ ಹೋಗುವುದಕ್ಕೆ. ಪ್ರತಿ ಉತ್ತರದ ಜೊತೆ ಟಿಟಿಎಲ್ ಎಂಬ ಸೆಕೆಂಡುಗಳ ಲೆಕ್ಕ ಇರುತ್ತದೆ. 3600 ಎಂದಿದ್ದರೆ ಒಂದು ಗಂಟೆ ಆ ಉತ್ತರವನ್ನೇ ಹೇಳುತ್ತಿರಬಹುದು, ಆಮೇಲೆ ಮತ್ತೆ ಬಂದು ಕೇಳಬೇಕು. 48 ಗಂಟೆಯ ಮಾತಿಗೂ ಅರ್ಥವಿಲ್ಲ ಎಂದಲ್ಲ. ಡಾಟ್ ಕಾಮ್ ಹೆಸರುಗಳಿಗೆ ನೇಮ್‌ಸರ್ವರ್ ಯಾವುದು ಎಂದು ಮೇಲಿನ ಹಂತ ಕೊಡುವ ಉತ್ತರದ ಟಿಟಿಎಲ್ 1,72,800 ಸೆಕೆಂಡು, ಅಂದರೆ ಸರಿಯಾಗಿ ಎರಡು ದಿನ. ನೇಮ್‌ಸರ್ವರನ್ನೇ ಬದಲಿಸಿದ್ದರೆ ಆ ಲೆಕ್ಕ ಸರಿ. ಒಂದು ಎಂಎಕ್ಸ್ ಸಾಲು ತಿದ್ದಿದವರಿಗೆ ಅದನ್ನು ಹೇಳುವುದು ಸರಿಯಲ್ಲ.

ಇದು ಬರೀ ಪದದ ಮಡಿವಂತಿಕೆ ಅಂದುಕೊಳ್ಳಬೇಡಿ. ‘ಪ್ರಸರಣ ಆಗುತ್ತಿದೆ’ ಎಂದು ನಂಬಿದವರು ತಪ್ಪು ನಮೂದನ್ನು ಹಾಗೇ ಇಟ್ಟು ಎರಡು ದಿನ ಕಾಯುತ್ತಾರೆ. ನಮೂದಿನ ಹೆಸರು ತುಂಬುವ ಹೋಸ್ಟ್ ಖಾನೆಯಲ್ಲಿ ಪೂರ್ತಿ ಡೊಮೇನ್ ಹೆಸರು ಬರೆದಿರುತ್ತಾರೆ, ಪರದೆ ಅದರ ಕೊನೆಗೆ ಇನ್ನೊಮ್ಮೆ ಡೊಮೇನ್ ಅಂಟಿಸಿ ಹೆಸರು ಎರಡೆರಡು ಸಲ ಆಗಿರುತ್ತದೆ. ಅದು ಎಷ್ಟು ದಿನ ಕಾದರೂ ಸರಿಯಾಗುವುದಿಲ್ಲ. ಅಥವಾ ಡೊಮೇನ್ ಕೊಂಡದ್ದು ಒಂದು ಕಡೆ, ನೇಮ್‌ಸರ್ವರ್ ಇರುವುದು ವೆಬ್‌ಸೈಟ್‌ನವರ ಕಡೆ. ಇವರು ಕೊಂಡ ಕಡೆ ಹೋಗಿ ನಮೂದು ಹಾಕಿರುತ್ತಾರೆ. ಅದನ್ನು ಓದುವವರು ಯಾರೂ ಇಲ್ಲ. ಹೊಸ ನಮೂದು ಕಾಣದಿದ್ದಾಗ ನಾನು ಮೊದಲು ನೋಡುವುದೇ ಇದನ್ನು.

ಹಾಗಾಗಿ ‘ಪ್ರೊಪಗೇಶನ್’ ಬಿಟ್ಟು ‘ಹಳೆ ಉತ್ತರದ ವಾಯಿದೆ’ ಎಂದು ಬರೆದೆ. ಟಿಟಿಎಲ್‌ಗೆ ‘ಜೀವಿತಾವಧಿ’, ‘ಆಯುಷ್ಯ’ ಎಂಬ ಅನುವಾದ ನೋಡಿದರೆ ಅಷ್ಟು ಹೊತ್ತಾದ ಮೇಲೆ ನಮೂದೇ ಸತ್ತುಹೋಗುತ್ತದೆ ಅನ್ನಿಸುತ್ತದೆ. ವಾಯಿದೆ ಹಾಗಲ್ಲ. ಸಾಲದ ವಾಯಿದೆ ಲೆಕ್ಕ ಹಾಕುವವರಿಗೆ ಅದನ್ನು ವಿವರಿಸಿ ಹೇಳಬೇಕಿಲ್ಲ: ಅವಧಿ ಮುಗಿಯಿತು, ಇನ್ನು ಮತ್ತೆ ಹೋಗಿ ಕೇಳಬೇಕು. ‘ಬದಲಾವಣೆಗೆ ಒಂದು ದಿನ ಮೊದಲೇ ವಾಯಿದೆಯನ್ನು 300ಕ್ಕೆ ಇಳಿಸಿ’ ಎಂಬ ವಾಕ್ಯ ಬರೆದಾಗ ಯಾರೂ ಪ್ರಶ್ನೆ ಕೇಳಲಿಲ್ಲ. ‘ಜೀವಿತಾವಧಿ ಇಳಿಸಿ’ ಎಂದಿದ್ದರೆ ಹೆದರುತ್ತಿದ್ದರು.

ಒಂದು ಸೂಕ್ಷ್ಮ ಉಳಿಯುತ್ತದೆ. ನಮೂದು ಹಾಕುವ ಮೊದಲೇ ಯಾರಾದರೂ ಕೇಳಿದ್ದರೆ ‘ಅಂಥದ್ದೊಂದು ಇಲ್ಲ’ ಎಂಬ ಉತ್ತರವನ್ನೂ ರಿಸಾಲ್ವರ್ (ಕೇಳುವವರ ಪರವಾಗಿ ನೇಮ್‌ಸರ್ವರನ್ನು ವಿಚಾರಿಸುವ ಸರ್ವರು) ನೆನಪಿಟ್ಟುಕೊಳ್ಳುತ್ತದೆ, ಅದಕ್ಕೂ ವಾಯಿದೆ ಇದೆ. ಅವಸರದಲ್ಲಿ ‘ಬಂತಾ, ಬಂತಾ’ ಎಂದು ಮೊದಲೇ ಪರೀಕ್ಷೆ ಒತ್ತಿದವರಿಗೆ ಹೀಗಾಗಿ ಇನ್ನೂ ತಡ. ಇದನ್ನು ‘ಇಲ್ಲ ಎಂಬ ನೆನಪು’ ಎಂದು ಬರೆದಿದ್ದೇನೆ. ಇದಕ್ಕಿಂತ ಚಿಕ್ಕದಾಗಿ ಹೇಳಲು ಬಂದರೆ ತಿಳಿಸಿ.

‘ಅಥಾರಿಟೇಟಿವ್’ ಇದಕ್ಕೆ ಅಂಟಿಕೊಂಡ ಪದ. ವಿಂಡೋಸ್‌ನಲ್ಲಿ ಡಿಎನ್‌ಎಸ್ ವಿಚಾರಿಸುವ ಎನ್‌ಎಸ್‌ಲುಕಪ್ ಆಜ್ಞೆ ಓಡಿಸಿದರೆ ಸಾಮಾನ್ಯವಾಗಿ ‘ನಾನ್ ಅಥಾರಿಟೇಟಿವ್ ಆನ್ಸರ್’ ಎಂಬ ಸಾಲು ಬರುತ್ತದೆ. ಕನ್ನಡಕ್ಕೆ ಇಟ್ಟರೆ ‘ಅನಧಿಕೃತ ಉತ್ತರ’. ಅನಧಿಕೃತ ಎಂಬ ಪದ ನಾವು ಕೇಳುವುದು ಕಟ್ಟಡ, ಮರಳು ಸಾಗಾಟ, ಬಡಾವಣೆ ಇಂಥ ಸುದ್ದಿಗಳಲ್ಲಿ. ಯಾರೋ ಒಳಹೊಕ್ಕು ಸುಳ್ಳು ಉತ್ತರ ಕೊಡುತ್ತಿದ್ದಾರೆ ಅನ್ನಿಸುತ್ತದೆ. ಅದರಲ್ಲಿ ಅಂಥದ್ದೇನೂ ಇಲ್ಲ, ನೆನಪಿನಿಂದ ಬಂದ ಉತ್ತರ ಅಷ್ಟೇ. ‘ಮೂಲ ಉತ್ತರ’, ‘ನೆನಪಿನ ಉತ್ತರ’ ಎಂಬ ಜೋಡಿ ನನಗೆ ಹಿಡಿಸಿದೆ. ಅಂಥದ್ದೇ ಇನ್ನೊಂದು ಆಜ್ಞೆಯಾದ ಡಿಗ್ ಬಳಸುವವರು ಎರಡನ್ನೂ ಕಣ್ಣಾರೆ ನೋಡಬಹುದು. ನೆನಪಿನ ಉತ್ತರವನ್ನು ಮತ್ತೆ ಮತ್ತೆ ಕೇಳಿದರೆ ವಾಯಿದೆಯ ಅಂಕಿ ಇಳಿಯುತ್ತ ಹೋಗುತ್ತದೆ, ನೇಮ್‌ಸರ್ವರನ್ನೇ ನೇರ ಕೇಳಿದರೆ ಸಾಮಾನ್ಯವಾಗಿ ಪೂರ್ತಿ ಅಂಕಿಯೇ ಬರುತ್ತದೆ. ಮೂಲ ಉತ್ತರದಲ್ಲೇ ತಪ್ಪಿದ್ದರೆ ಕಾಯಬೇಡಿ, ತಿದ್ದಿ. ಮೂಲ ಸರಿಯಿದ್ದು ನೆನಪು ಹಳತಾಗಿದ್ದರೆ ತಿದ್ದಬೇಡಿ, ಕಾಯಿರಿ. ಕೈಪಿಡಿಯ ಮುಖ್ಯ ಪಾಠ ಇದೇ, ಅದಕ್ಕೇ ಈ ಎರಡು ಪದ ಸರಿಯಾಗಿರಲಿ ಎಂಬ ಹಟ.

ಇನ್ನುಳಿದವು ಬೇಗ ಹೇಳುತ್ತೇನೆ. ‘ಬೌನ್ಸ್’ ಎಂದರೆ ಸಂಘದಲ್ಲಿ ಚೆಕ್ಕಿನ ನೆನಪಾಗುತ್ತದೆ, ‘ಪತ್ರ ವಾಪಸ್ ಬಂತು’ ಸಾಕು. ಡಿಮಾರ್ಕ್‌ನ ‘ಕ್ವಾರಂಟೈನ್’ (ಸಂಶಯದ ಪತ್ರವನ್ನು ಸ್ಪ್ಯಾಮ್‌ನಂಥ ಕಡೆ ಬೇರೆ ಇಡುವುದು) ಕೊರೋನಾದ ನಂತರ ಎಲ್ಲರಿಗೂ ಗೊತ್ತು, ಹಾಗೇ ಬಿಟ್ಟಿದ್ದೇನೆ. ‘ವೆರಿಫೈ’ಗೆ ‘ಪರಿಶೀಲನೆ’ ಬೇಡ. ‘ಪರಿಶೀಲನೆಯಲ್ಲಿದೆ’ ಎಂದರೆ ಕಡತ ಎಲ್ಲೋ ಮಲಗಿದೆ ಎಂದೇ ನಮ್ಮವರು ತಿಳಿಯುತ್ತಾರೆ. ‘ಖಾತ್ರಿ’ ಒಳ್ಳೆಯದು. ಹೋಸ್ಟ್ ಖಾನೆಯಲ್ಲಿ ಹಾಕುವ ‘ಅಟ್ ದ ರೇಟ್’ ಚಿಹ್ನೆಗೆ ಅಲ್ಲಿ ‘ಡೊಮೇನೇ ಖುದ್ದು’ ಎಂಬ ಅರ್ಥ. ಲೆಕ್ಕ ಬರೆಯುವವರು ಅದನ್ನು ‘ದರ’ ಎಂದೇ ಓದುತ್ತಾರೆ, ಹಾಗಾಗಿ ಒಂದು ಸಾಲಿನ ವಿವರಣೆ ಬೇಕೇ ಬೇಕಾಯಿತು. ಎಸ್‌ಪಿಎಫ್‌ನ ಕೊನೆಯಲ್ಲಿ ಬರುವ ಅಲೆಗೆರೆಗೂ ಅಡ್ಡಗೆರೆಗೂ ವ್ಯತ್ಯಾಸ ಇದೆ. ಮೊದಲನೆಯದು ‘ಪಟ್ಟಿಯಲ್ಲಿಲ್ಲದವರ ಮೇಲೆ ಸಂಶಯ ಇರಲಿ’ ಎನ್ನುತ್ತದೆ, ಎರಡನೆಯದು ‘ಅವರು ನಮ್ಮವರಲ್ಲವೇ ಅಲ್ಲ’ ಎನ್ನುತ್ತದೆ. ವರ್ಡ್ ಕಡತದಿಂದ ನಕಲು ಮಾಡಿದರೆ ಅಡ್ಡಗೆರೆ ಉದ್ದವಾಗಿ, ಉದ್ಧರಣ ಚಿಹ್ನೆ ಬಾಗಿ ಎಲ್ಲ ಕೆಡುತ್ತದೆ.

ನನಗೆ ಏನೂ ಹೊಳೆಯದೆ ಉಳಿದದ್ದು ಡಿಕಿಮ್‌ನ ‘ಸೆಲೆಕ್ಟರ್’. ಒಂದೇ ಡೊಮೇನಿಗೆ ಎರಡು ಮೂರು ಕಡೆಯಿಂದ ಪತ್ರ ಹೋಗುವಾಗ ಯಾವ ಶಿಕ್ಕಾವನ್ನು ಯಾವ ಕೀಲಿಯಿಂದ ತಾಳೆ ನೋಡಬೇಕು ಎಂದು ತಿಳಿಸುವ ಹೆಸರು ಅದು. ಟಿಎಕ್ಸ್‌ಟಿ ನಮೂದಿನ ಹೆಸರು ಅದರಿಂದಲೇ ಶುರುವಾಗುತ್ತದೆ. ‘ಆಯ್ಕೆಗಾರ’ ಎಂದರೆ ಕ್ರಿಕೆಟ್ ತಂಡ ಕಟ್ಟುವವರು ಬಂದು ಕೂರುತ್ತಾರೆ. ‘ಶಿಕ್ಕಾದ ಹೆಸರು’ ಎಂದು ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ. ಕಾರವಾರ, ಅಂಕೋಲಾ ಕಡೆಯ ಕಚೇರಿಗಳಲ್ಲಿ ಒಂದಕ್ಕಿಂತ ಹೆಚ್ಚು ಶಿಕ್ಕಾ ಇದ್ದಾಗ ಅವನ್ನು ಬೇರೆ ಬೇರೆ ಗುರುತಿಸಲು ಏನಾದರೂ ಪದ ಬಳಸುತ್ತಾರೆಯೇ? ಗೊತ್ತಿದ್ದವರು ದಯವಿಟ್ಟು ಬರೆಯಿರಿ, ಕೈಪಿಡಿ ಅಚ್ಚಿಗೆ ಹೋಗುವ ಮೊದಲು ಸೇರಿಸುತ್ತೇನೆ.