ಜೋಧಪುರದ ಮುಳ್ಳಿನ ತೋಟ: ನೋಡಲು ಹೋಗಬೇಕಾ?

ಮಮತಾ: ಸೆಪ್ಟೆಂಬರಿನಲ್ಲಿ ಜೋಧಪುರಕ್ಕೆ ಹೋಗಿದ್ದೆವು. ಮೆಹರಾನ್‌ಗಢ ಕೋಟೆಯ ಪಕ್ಕದಲ್ಲೇ ರಾವ್ ಜೋಧಾ ಡೆಸರ್ಟ್ ರಾಕ್ ಪಾರ್ಕ್ ಇದೆ. ಸುಮಾರು 70 ಹೆಕ್ಟೇರ್ ಬಂಡೆ ನೆಲ. ಆ ಬಂಡೆಯಲ್ಲಿ ಹಿಂದಿನಿಂದ ಬೆಳೆಯುತ್ತಿದ್ದ ಗಿಡಗಳನ್ನೇ ಮತ್ತೆ ಬೆಳೆಸಿದ್ದಾರೆ. ಕೋಟೆ ನೋಡಲು ಹೋದವರು ಇದನ್ನು ಬಿಡಬೇಡಿ.

ಗುರು, ಚಳ್ಳಕೆರೆ: ಫೋಟೋ ನೋಡಿದೆ ಅಕ್ಕ. ಮುಳ್ಳು, ಕಳ್ಳಿ, ಕಲ್ಲು. ಇದಕ್ಕೆ ಅಷ್ಟು ದೂರ ಹೋಗಬೇಕಾ? ನಮ್ಮ ಕಡೆ ಬೇಕಾದಷ್ಟಿದೆ. ತೋಟ ಅಂದಮೇಲೆ ನೆರಳು ಬೇಕು, ಅಲ್ವಾ?

ಮಮತಾ: ನಿಮ್ಮ ಕಡೆ ಜಾಸ್ತಿ ಇರುವುದು ಬಳ್ಳಾರಿ ಜಾಲಿ. ಅಮೆರಿಕ ಖಂಡದಿಂದ ಬಂದ ಗಿಡ. ಪಾರ್ಕಿನ ಜಾಗದಲ್ಲೂ ಅದೇ ತುಂಬಿಕೊಂಡಿತ್ತು. 2006ರಲ್ಲಿ ಪಾರ್ಕ್ ರೂಪಿಸಿದ ಪರಿಸರ ತಜ್ಞ ಪ್ರದೀಪ್ ಕೃಷೆನ್ ಕೆಲಸ ಶುರು ಮಾಡಿದಾಗ ಮೊದಲು ಅದನ್ನು ಕೀಳಬೇಕಾಯಿತು. ಮೇಲೆ ಕಡಿದರೆ ಸಾಲದು, ಮತ್ತೆ ಚಿಗುರುತ್ತದೆ. ಬೇರು ಇರುವುದು ಬಂಡೆಯ ಬಿರುಕಿನೊಳಗೆ. ಕೊನೆಗೆ ಕಲ್ಲು ಒಡೆಯುವ ಖಂಡವಾಲಿಯಾ ಜನ ಬಂದರು. ಸುತ್ತಿಗೆಯಿಂದ ಬಡಿದು, ಸದ್ದು ಕೇಳಿಯೇ ಬಂಡೆ ಎಲ್ಲಿ ಸಡಿಲ ಅಂತ ಗುರುತಿಸುವವರು ಅವರು. ಉಳಿ ಹಿಡಿದು ಬೇರು ತೆಗೆದರು. ಆ ಗುಂಡಿಗಳಲ್ಲೇ ಆ ನೆಲದ ಸಸಿ ನೆಟ್ಟರು. ಇದನ್ನು ಕೇಳಿದ ಮೇಲೆ ಪ್ರತಿ ಗಿಡದ ಬುಡವನ್ನೂ ನಿಂತು ನೋಡಿದೆ.

ಕೆರೆಯಂಚು: ಜಾಲಿಯನ್ನು ಅಷ್ಟು ಬೈಯಬೇಡಿ. ನಮ್ಮಮ್ಮ ಅದೇ ಸೌದೆಯಲ್ಲಿ ಮುದ್ದೆ ಬೇಯಿಸಿ ನಮ್ಮನ್ನು ಸಾಕಿದಳು. ಇದ್ದಿಲು ಸುಟ್ಟು ಬದುಕುವವರು ಈಗಲೂ ಇದ್ದಾರೆ. ಎಲ್ಲ ಕಿತ್ತರೆ ಒಲೆಗೆ ಏನು?

ಬೀಜದ ಬುಟ್ಟಿ: ನಿಮ್ಮ ಮಾತು ನಿಜ ಅಣ್ಣ. ಆದರೆ ಜಾಲಿ ದಟ್ಟವಾದ ಕಡೆ ಹುಲ್ಲು ಏಳುವುದಿಲ್ಲ, ಕುರಿ ಕಾಯುವವರನ್ನು ಕೇಳಿ. ನಮ್ಮ ಬನ್ನಿ ಮರ ಅದರದೇ ನೆಂಟ. ರಾಜಸ್ಥಾನದವರು ಬನ್ನಿ ಇರುವ ಹೊಲದಲ್ಲೇ ಸಜ್ಜೆ ಬೆಳೆಯುತ್ತಾರೆ. ಎಳೆ ಕಾಯಿ ಒಣಗಿಸಿಟ್ಟು ಪಲ್ಯ ಮಾಡುತ್ತಾರೆ, ಅದೇ ಸಾಂಗ್ರಿ. ನಾವು ದಸರಾದಲ್ಲಿ ಎಲೆ ಕೊಟ್ಟು ‘ಬಂಗಾರದ ಹಾಗೆ ಇರೋಣ’ ಅನ್ನುತ್ತೇವೆ. ಸಸಿ ನೆಡುವವರು ಎಷ್ಟು ಜನ?

ಗುರು, ಚಳ್ಳಕೆರೆ: ನಮ್ಮೂರಲ್ಲಿ ಉಳಿದಿರುವುದು ಒಂದೇ ಬನ್ನಿ, ಊರಾಚೆ ಕಟ್ಟೆಯ ಮೇಲೆ. ಅಕ್ಕ, ಮಕ್ಕಳನ್ನು ಯಾವಾಗ ಕರೆದುಕೊಂಡು ಹೋದರೆ ಚೆನ್ನ?

ಮಮತಾ: ಮಳೆ ಬಿದ್ದ ಮೇಲೆ, ಬೆಳಿಗ್ಗೆ ಬೇಗ. ಆಗ ಕಲ್ಲಿನ ಸಂದಿಯಲ್ಲೆಲ್ಲ ಹಸಿರು. ಗಟ್ಟಿ ಶೂ ಇರಲಿ.

ಕೆರೆಯಂಚು: ನನ್ನ ಒಲೆಯ ಪ್ರಶ್ನೆ ಹಾಗೇ ಉಳಿಯಿತು.

ಬೀಜದ ಬುಟ್ಟಿ: ಎಲ್ಲವನ್ನೂ ಒಮ್ಮೆಗೇ ಕೀಳಬೇಡಿ ಅಣ್ಣ. ಮೊದಲು ಕೆರೆಯಂಗಳ, ಆಮೇಲೆ ಗೋಮಾಳ. ಬದುವಿನ ಮೇಲಿನದು ಸೌದೆಗೆ ಇರಲಿ.