ಮನಸ್ಸೇ ಬರುತ್ತಿಲ್ಲ, ಇದು ಹಾರ್ಮೋನ್ ತೊಂದರೆನಾ?

ನವನಗರದವಳು (ಹುಬ್ಬಳ್ಳಿ):
ಗಂಡಸರೂ ಉತ್ತರ ಕೊಡಬಹುದು, ಆದರೆ ಚೇಷ್ಟೆ ಬೇಡ. ಮಗ ಈಗ ಎರಡನೇ ಕ್ಲಾಸು. ಗಂಡ ಒಳ್ಳೆಯವರೇ, ಜಗಳ ಏನೂ ಇಲ್ಲ. ಆದರೂ ಒಂದೆರಡು ವರ್ಷದಿಂದ ನನಗೆ ಅವರ ಜೊತೆ ಸೇರುವ ವಿಷಯದಲ್ಲಿ ಮನಸ್ಸೇ ಬರುವುದಿಲ್ಲ. ಧಾರವಾಡದಿಂದ ಚಿಗರಿ ಬಸ್ಸಲ್ಲಿ ನಿಂತುಕೊಂಡೇ ಬಂದು, ರೊಟ್ಟಿ ಬಡಿದು, ಮಗನ ಹೋಂವರ್ಕ್ ಮುಗಿಸಿ, ಮುಂಜಾನೆಗೆ ಕಾಳು ನೆನೆಹಾಕುವಷ್ಟರಲ್ಲಿ ಜೀವ ಸಾಕಾಗಿರುತ್ತದೆ. ಆಮೇಲೆ ಅವರು ಭುಜದ ಮೇಲೆ ಕೈ ಇಟ್ಟರೆ ಮೈಯೆಲ್ಲ ಬಿಗಿ. ರೂಮಿನ ಚಿಲಕ ಸರಿಯಾಗಿ ಕೂರುವುದಿಲ್ಲ, ಹಾಲ್‌ನಲ್ಲಿ ಅತ್ತೆ ಮಗ್ಗಲು ಬದಲಿಸಿದರೂ ನನಗೆ ಕೇಳುತ್ತದೆ. ಥೈರಾಯ್ಡ್ ಟೆಸ್ಟ್ ನಾರ್ಮಲ್. ರಜೆಯಲ್ಲಿ ಗೋಕರ್ಣಕ್ಕೆ ನಾವಷ್ಟೇ ಹೋದಾಗ ಮಾತ್ರ ಎಲ್ಲ ಚೆನ್ನಾಗಿತ್ತು! ಹೆಂಗಸರಿಗೂ ಮಾತ್ರೆ ಬಂದಿದೆಯಂತೆ, ತರಿಸಲಾ?

ಮಾತಾಡೋಣ_ಗದಗ:
ನಾನು ಕೌನ್ಸೆಲಿಂಗ್ ಕೆಲಸದಲ್ಲಿದ್ದೇನೆ. ನಿಮ್ಮ ಉತ್ತರ ಗೋಕರ್ಣದಲ್ಲೇ ಇದೆ. ಹಾರ್ಮೋನೇ ಕಾರಣವಾಗಿದ್ದರೆ ಊರು ಬದಲಾದ ಕೂಡಲೇ ಸರಿಹೋಗುತ್ತಿರಲಿಲ್ಲ ಅಲ್ವಾ? ಬ್ಯಾಂಕ್ರಾಫ್ಟ್, ಯಾನ್ಸೆನ್ ಎಂಬ ಸಂಶೋಧಕರು ಹೇಳುವುದು ಇದನ್ನೇ: ಆಸೆಗೆ ಎಕ್ಸಲರೇಟರ್ ಬೇರೆ, ಬ್ರೇಕ್ ಬೇರೆ. ನಿಮ್ಮ ಎಕ್ಸಲರೇಟರ್ ಸರಿಯಾಗಿದೆ, ಬ್ರೇಕ್ ಮೇಲೆ ಕಾಲಿದೆ. ದಣಿವು, ಯಾರಾದರೂ ಕೇಳಿಸಿಕೊಂಡಾರು ಎಂಬ ಅಂಜಿಕೆ, ನಾಳೆಯ ಚಿಂತೆ ಎಲ್ಲವೂ ಬ್ರೇಕೇ. ತನ್ನ ಮೈ ಬಗ್ಗೆ ನಾಚಿಕೆ, ಮನಸ್ಸಲ್ಲೇ ಉಳಿದ ಸಿಟ್ಟು ಕೂಡ. ಇನ್ನೊಂದು ಮಾತು. ಮೊದಲು ಆಸೆ ಹುಟ್ಟಬೇಕು, ಆಮೇಲೆ ಉಳಿದದ್ದು ಅಂತ ಎಲ್ಲರೂ ಅಂದುಕೊಂಡಿದ್ದೇವೆ. ಕೆನಡಾದ ವೈದ್ಯೆ ರೋಸ್ಮರಿ ಬ್ಯಾಸನ್ 2000ದಲ್ಲಿ ಬರೆದದ್ದು ಬೇರೆ: ಬಹಳ ಕಾಲ ಜೊತೆಗಿದ್ದ ಎಷ್ಟೋ ಹೆಂಗಸರಲ್ಲಿ ಹತ್ತಿರವಾದ ಮೇಲೆ, ಸಮಾಧಾನವಾಗಿ ಮುಟ್ಟಿದ ಮೇಲೆ ಆಸೆ ಬರುತ್ತದೆ. ಹಾಗಂತ ಮನಸ್ಸಿಲ್ಲದಿದ್ದರೂ ಒಪ್ಪಿಕೊಳ್ಳಿ ಅಂತ ಅರ್ಥ ಅಲ್ಲ. ಒತ್ತಾಯವಾದರೆ ಬ್ರೇಕ್ ಇನ್ನೂ ಬಿಗಿ.

ಬ್ಯಾಡಗಿ_ಖಾರ (ಹಾವೇರಿ):
ಇದಕ್ಕೆಲ್ಲ ಇಷ್ಟುದ್ದ ಯಾಕೆ? ಅಶ್ವಗಂಧ ಹಾಲಲ್ಲಿ ಕುಡಿಯಿರಿ, ಸರಿಹೋಗುತ್ತದೆ.

ಸಾಧನಕೇರಿ_ಮಳೆ (ಧಾರವಾಡ):
ಅಣ್ಣಾ, ಹಾಲು ಕುಡಿದರೆ ಅತ್ತೆ ಕೋಣೆ ದೂರ ಹೋಗುತ್ತಾ?
ನವನಗರ ಅಕ್ಕ, ಬೇರೆ ಯಾವುದಾದರೂ ಮಾತ್ರೆ ತಗೊಳ್ತಿದ್ದೀರಾ ನೋಡಿ. ಹೆರಿಗೆ ಆದಮೇಲೆ ನನಗೆ ಡಿಪ್ರೆಶನ್ ಆಗಿ ಎಸಿಟಲೋಪ್ರಾಮ್ ಕೊಟ್ಟಿದ್ದರು. ಮನಸ್ಸು ಹಗುರಾಯಿತು, ಆದರೆ ಆಸೆ ಅನ್ನುವುದು ಸ್ವಿಚ್ ಆಫ್ ಮಾಡಿದ ಹಾಗೆ ಹೋಯಿತು. ಈ ಜಾತಿಯ ಮಾತ್ರೆಗಳಲ್ಲಿ ಇದು ಸಾಮಾನ್ಯವಂತೆ, ಬರೆದುಕೊಟ್ಟ ಡಾಕ್ಟರು ಒಂದು ಮಾತೂ ಹೇಳಿರಲಿಲ್ಲ. ನಾನು ಗಂಡನ ಮೇಲೆ ಪ್ರೀತಿ ಕಡಿಮೆಯಾಯಿತೇನೋ ಅಂತ ಸುಮ್ನೆ ಅಳುತ್ತಾ ಕೂತಿದ್ದೆ. ಕೇಳಿದ ಮೇಲೆ ಬೇರೆ ಮಾತ್ರೆ ಬದಲಿಸಿದರು. ತಾವಾಗಿಯೇ ನಿಲ್ಲಿಸಬೇಡಿ ಮತ್ತೆ. ಹಾಲುಣಿಸುವಾಗಲೂ ಈಸ್ಟ್ರೋಜನ್ ಅನ್ನುವ ಹಾರ್ಮೋನ್ ಇಳಿದು ಒಣಗಿದ ಹಾಗಾಗಿ ನೋಯುತ್ತದೆ. ನೋವಾದದ್ದನ್ನು ಮೈ ಮರೆಯುವುದಿಲ್ಲ, ಮುಂದಿನ ಸಲ ಮೊದಲೇ ಹೆದರುತ್ತದೆ.

ಮಾತಾಡೋಣ_ಗದಗ:
ಹೌದು, ನೋವಿದ್ದರೆ ಮೊದಲು ಸ್ತ್ರೀರೋಗ ತಜ್ಞರು. ಮಾತ್ರೆ ಅಂದಿರಲ್ಲ, ಅದು ಫ್ಲಿಬಾನ್ಸೆರಿನ್ ಇರಬೇಕು, ಅಮೆರಿಕದಲ್ಲಿ 2015ರಲ್ಲಿ ಒಪ್ಪಿಗೆ ಸಿಕ್ಕಿತು. ವಯಾಗ್ರ ರಕ್ತದ ಹರಿವಿಗೆ, ಇದು ಮೆದುಳಿಗೆ. ದಿನಾ ತಗೋಬೇಕು, ಗುಣ ಸ್ವಲ್ಪವೇ, ತಲೆಸುತ್ತು, ನಿದ್ದೆ ಜಾಸ್ತಿ. ಆನ್‌ಲೈನ್‌ನಲ್ಲಂತೂ ತರಿಸಲೇಬೇಡಿ. ಡಿಎಸ್‌ಎಂ-5 ಎಂಬ ಅಮೆರಿಕದ ಮನೋರೋಗ ಕೈಪಿಡಿ ಪ್ರಕಾರವೂ ಆಸೆ ಇಲ್ಲದಿರುವುದನ್ನು ಕಾಯಿಲೆ ಅನ್ನಲು ಸುಮಾರು 6 ತಿಂಗಳಾದರೂ ಇರಬೇಕು, ಆ ಹೆಂಗಸಿಗೇ ಅದರಿಂದ ಸಂಕಟವಾಗಬೇಕು. ಗಂಡನಿಗೆ ಬೇಸರ ಅನ್ನುವುದಷ್ಟೇ ಸಾಲದು.

ನವನಗರದವಳು (ಹುಬ್ಬಳ್ಳಿ):
ಬೇರೆ ಮಾತ್ರೆ ಏನೂ ಇಲ್ಲ, ನೋವೂ ಇಲ್ಲ. ಆದರೆ ಇದನ್ನು ಅವರಿಗೆ ಹೇಗೆ ಹೇಳುವುದು? "ನಾನು ಬೇಡವಾದೆನಾ" ಅಂತ ಮುಖ ಸಣ್ಣ ಮಾಡಿಕೊಳ್ಳುತ್ತಾರೆ.

ಸಾಧನಕೇರಿ_ಮಳೆ (ಧಾರವಾಡ):
ರಾತ್ರಿ ಹಾಸಿಗೆಯಲ್ಲಿ ಈ ಮಾತು ತೆಗೆಯಬೇಡಿ. ಉಣಕಲ್ ಕೆರೆ ಕಡೆ ಸಂಜೆ ನಡೆಯುತ್ತಾ ಹೇಳಿ, ಪಕ್ಕಪಕ್ಕ ನಡೆಯುವಾಗ ಮುಖ ನೋಡುವ ಕಷ್ಟವಿಲ್ಲ. ಗೋಕರ್ಣದಿಂದ ಶುರು ಮಾಡಿ, ಅಲ್ಲಿ ಏನು ಹಿಡಿಸಿತು ಅಂತ. ಮಗನ ಹೋಂವರ್ಕ್ ಅವರೇ ಮಾಡಿಸಲಿ, ಇದನ್ನೂ ಕೇಳಿಬಿಡಿ. ಮುಟ್ಟಿದ್ದೆಲ್ಲ ಅಲ್ಲಿಗೇ ಹೋಗಿ ಮುಟ್ಟಬೇಕಿಲ್ಲ ಅಂತಲೂ ಹೇಳಿ. ಅವರೂ ಬರುತ್ತಾರೆ ಅಂದರೆ ಇಬ್ಬರೂ ಸೇರಿ ಕೌನ್ಸೆಲರ್ ಹತ್ತಿರ ಹೋಗಿ, ಇಲ್ಲಿ ಧಾರವಾಡದಲ್ಲೇ ಡಿಮ್ಹಾನ್ಸ್ ಅನ್ನುವ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ. ಅಲ್ಲಿಗೆ ಹೋಗಲು ಮುಜುಗರವಾದರೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.